ಕೊನೇ ದಿನಾಂಕ ಮತ್ತು ಒಂದು ಕಾರು

(ನವೆಂಬರ್ 2025)

ಈ ಸಲ ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ರ ಸೋಮವಾರ, ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸೋದನ್ನ ಟಿವಿಯಲ್ಲಿ ನೋಡ್ತಾ ಕೂತಿದ್ದೆ. ಫೋನು ಟಿಂಗ್ ಅಂತು. ಕಾರ್ ಶೋರೂಮಿನ ಮೆಸೇಜು. ಇವತ್ತಿಂದ ಹೊಸ ಜಿಎಸ್‌ಟಿ, ಹೊಸ ಬೆಲೆ, ಹಬ್ಬದ ಆಫರ್, ಬೇಗ ಬನ್ನಿ. ಅದರ ಹಿಂದೆಯೇ ಇನ್ನೊಂದು ಶೋರೂಮಿನದ್ದು. ಉದ್ಘಾಟನೆ ಮುಗಿಯೋ ಹೊತ್ತಿಗೆ ಐದು ಮೆಸೇಜು ಬಂದಿದ್ವು.

ನನಗೆ ಕಾರು ಬೇಕಾಗಿದ್ದಂತೂ ನಿಜ. ನಮ್ಮ ಹಳೇ ಪೆಟ್ರೋಲ್ ಕಾರಿಗೆ ಅಕ್ಟೋಬರ್‌ನಲ್ಲಿ ಹದಿನೈದು ವರ್ಷ ತುಂಬೋದಿತ್ತು. ಆರ್‌ಸಿ ಮತ್ತೆ ಮಾಡಿಸಬೇಕು, ಇಲ್ಲಾ ಮಾರಬೇಕು. ಹೋದ ವರ್ಷ ರಿಟೈರಾದಾಗ ಬಂದ ದುಡ್ಡಿನಲ್ಲಿ ಒಂದು ಭಾಗವನ್ನು ಇದಕ್ಕೆ ಅಂತಲೇ ಎತ್ತಿಟ್ಟಿದ್ದೆ. ಇನ್ನೊಂದು ಕಾರು ಕೊಳ್ಳೋ ಪ್ರಸಂಗ ನನ್ನ ಆಯುಸ್ಸಿನಲ್ಲಿ ಬರೋದಿಲ್ಲ. ಹಾಗಾಗಿ ತಪ್ಪು ಮಾಡೋ ಹಾಗಿರಲಿಲ್ಲ.

ಸಂಜೆ ಅಮೆರಿಕದಿಂದ ಅಕ್ಕನ ಮಗಳು ಫೋನ್ ಮಾಡಿದಳು. ಅವಳಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. "ಮಾವ, ನಾವೂ ಎಲೆಕ್ಟ್ರಿಕ್ ಕಾರ್ ತಗೋತಾ ಇದೀವಿ. ಮುಂದಿನ ಮಂಗಳವಾರ ರಾತ್ರಿಗೆ ಟ್ಯಾಕ್ಸ್ ಕ್ರೆಡಿಟ್ ಮುಗಿದುಹೋಗುತ್ತೆ. 7,500 ಡಾಲರ್. ಅಷ್ಟರೊಳಗೆ ಸೈನ್ ಮಾಡಿ ದುಡ್ಡು ಕಟ್ಟಿರಬೇಕು" ಅಂದಳು. ಮಾತಿನಲ್ಲಿ ರೈಲು ಹಿಡಿಯೋ ಆತುರ. ಮಂಗಳವಾರ ಅಂದರೆ ಸೆಪ್ಟೆಂಬರ್ 30. ನಮಗೆ ಆಯುಧಪೂಜೆಯ ಹಿಂದಿನ ದಿನ.

ನೋಡಿ, ಒಂದೇ ದಸರಾದಲ್ಲಿ ಎರಡು ದೇಶದ ಸರ್ಕಾರಗಳು ಕಾರಿನ ಲೆಕ್ಕ ಬದಲಾಯಿಸಿದ್ವು. ಅಲ್ಲಿ ಎಲೆಕ್ಟ್ರಿಕ್ ಕಾರಿಗೆ ಕೊಡ್ತಿದ್ದದ್ದನ್ನ ನಿಲ್ಲಿಸಿದ್ರು. ಇಲ್ಲಿ ಎಲೆಕ್ಟ್ರಿಕ್ ಕಾರನ್ನ ಮುಟ್ಟಲಿಲ್ಲ, ಪೆಟ್ರೋಲ್ ಕಾರಿನ ತೆರಿಗೆ ಇಳಿಸಿದ್ರು. ಸಣ್ಣ ಪೆಟ್ರೋಲ್ ಕಾರಿಗೆ ಮೊದಲು ಜಿಎಸ್‌ಟಿ 28 ಪರ್ಸೆಂಟ್, ಮೇಲೆ 1 ಪರ್ಸೆಂಟ್ ಸೆಸ್. ಈಗ ಸೆಸ್ ಇಲ್ಲದೆ 18. ಎಲೆಕ್ಟ್ರಿಕ್ ಕಾರಿಗೆ ಆಗಲೂ 5, ಈಗಲೂ 5. ಎರಡರ ನಡುವೆ ಇದ್ದ 24 ಪರ್ಸೆಂಟಿನ ಅಂತರ ರಾತ್ರೋರಾತ್ರಿ 13ಕ್ಕೆ ಇಳೀತು. ರಿಯಾಯಿತಿ ತೆಗೆಯೋದಕ್ಕೆ ಇದೂ ಒಂದು ದಾರಿ. ನಿಮ್ಮದನ್ನ ಕಿತ್ತುಕೊಳ್ಳೋದಿಲ್ಲ, ಪಕ್ಕದವನಿಗೂ ಒಂದಿಷ್ಟು ಕೊಡ್ತಾರೆ, ಅಷ್ಟೇ.

ರಾತ್ರಿ ಊಟದ ಹೊತ್ತಿಗೆ ನಾನು ಕ್ಯಾಲ್ಕುಲೇಟರ್ ಹಿಡಿದು ಕೂತೆ. ನಮ್ಮನೆಯವಳು ಹುಳಿ ಬಡಿಸ್ತಾ ಒಂದೇ ಮಾತು ಹೇಳಿದಳು: "ರೀ, ಹೋದ್ಸಲ ನೀವು ಸಬ್ಸಿಡಿ ಲೆಕ್ಕ ಹಾಕಿದ್ರಿ. ನಾನು ಬಸ್‌ಸ್ಟಾಪಲ್ಲಿ ನಿಂತೆ."

ನಾನು ಕ್ಯಾಲ್ಕುಲೇಟರ್ ಮುಚ್ಚಿಟ್ಟೆ.

ಆ "ಹೋದ್ಸಲ"ದ ಕಥೆ 2011ರದ್ದು. ಅವಳು ಪ್ರೈಮರಿ ಸ್ಕೂಲ್ ಟೀಚರು. ಸ್ಕೂಲು ಮನೆಯಿಂದ ಆರು ಕಿಲೋಮೀಟರ್, ಎರಡು ಬಸ್ ಬದಲಾಯಿಸಬೇಕು. ಗಾಡಿ ಓಡಿಸೋಕೆ ಭಯ. ಆಗ ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಸ್ಕೂಟರುಗಳು ಬಂದಿದ್ವು. ರಿಜಿಸ್ಟ್ರೇಷನ್ ಬೇಡ, ಲೈಸೆನ್ಸೂ ಬೇಡ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2010ರ ನವೆಂಬರ್‌ನಲ್ಲಿ ಒಂದು ಸಬ್ಸಿಡಿ ಪ್ರಕಟಿಸಿತ್ತು. ಫ್ಯಾಕ್ಟರಿ ಬೆಲೆಯ 20 ಪರ್ಸೆಂಟ್, ಆದರೆ ಇಂಥ ಸ್ಕೂಟರಿಗೆ ಹೆಚ್ಚೆಂದರೆ 4,000 ರೂಪಾಯಿ, ಕಾರಿಗೆ ಹೆಚ್ಚೆಂದರೆ 1 ಲಕ್ಷ. ಕಾಮರ್ಸ್ ಮೇಷ್ಟ್ರು ನಾನು, ನಾಲ್ಕು ಸಾವಿರ ಬಿಡ್ತೀನಾ? ತಂದೆ.

ಒಂದು ವರ್ಷ ಅವಳು ರಾಣಿ ಹಾಗೆ ಓಡಾಡಿದಳು. ಬೆಳಿಗ್ಗೆ ಮುಕ್ಕಾಲು ಗಂಟೆ ಉಳೀತಿತ್ತು. ದಾರಿಯಲ್ಲಿ ತರಕಾರಿ ತರ್ತಿದ್ದಳು, ತಂಗಿ ಮನೆಗೆ ಹೋಗಿಬರ್ತಿದ್ದಳು, ನನ್ನನ್ನ ಯಾವುದಕ್ಕೂ ಕೇಳ್ತಿರಲಿಲ್ಲ.

2012ರ ಮಾರ್ಚ್ 31ಕ್ಕೆ ಸಬ್ಸಿಡಿ ಮುಗೀತು. ಅದರ ಜಾಗಕ್ಕೆ ಇನ್ನೊಂದು ಬರಲಿಲ್ಲ. ಸ್ಕೂಟರ್ ಮಾರಾಟ ದೇಶದಲ್ಲೆಲ್ಲ ಕುಸಿಯಿತು. ನಮಗೆ ಗಾಡಿ ಕೊಟ್ಟಿದ್ದ ಅಂಗಡಿ ಕೆಲವೇ ತಿಂಗಳಲ್ಲಿ ಬಾಗಿಲು ಹಾಕಿತು. ಸೀಸದ ಬ್ಯಾಟರಿಗೆ ವಾರಂಟಿ ಇದ್ದದ್ದೇ ಒಂದು ವರ್ಷ. ಅದು ಸತ್ತಾಗ ಅದೇ ಅಳತೆಯ ಬ್ಯಾಟರಿ ಊರಲ್ಲೆಲ್ಲೂ ಸಿಗಲಿಲ್ಲ, ಕಂಟ್ರೋಲರ್ ರಿಪೇರಿ ಮಾಡೋರು ಇರಲಿಲ್ಲ. ಗಾಡಿ ಮೂರು ವರ್ಷ ಕಾಂಪೌಂಡಿನಲ್ಲಿ ನಿಂತಿತ್ತು, ಬೀದಿ ಮಕ್ಕಳು ಅದರ ಮೇಲೆ ಕೂತು ಹಾರ್ನ್ ಒತ್ತಿ ಆಡ್ತಿದ್ವು. ಆಮೇಲೆ ಗುಜರಿಯವನು ಬ್ಯಾಟರಿಯ ಸೀಸಕ್ಕೆ ಇಷ್ಟು, ಉಳಿದದ್ದಕ್ಕೆ ಇಷ್ಟು ಅಂತ ತೂಕ ಹಾಕಿ ತಗೊಂಡು ಹೋದ. ಅವಳು ಮತ್ತೆ ಎರಡು ಬಸ್ಸು ಹಿಡಿಯೋಕೆ ಶುರು ಮಾಡಿದಳು. ಹನ್ನೆರಡು ವರ್ಷದಲ್ಲಿ ಆ ವಿಷಯ ಎತ್ತಿರಲಿಲ್ಲ. ಈಗ ಎತ್ತಿದಳು.

ಹಾಗಾಗಿ ಕಾರು ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿದೆ. ಈ ಸಬ್ಸಿಡಿ, ತೆರಿಗೆ ವಿನಾಯಿತಿಗಳ ಹಿಂದಿನ ಇಪ್ಪತ್ತೈದು ವರ್ಷವನ್ನ ಸಾಲಾಗಿ ಬರೆದುಕೊಂಡೆ. ನನಗೆ ಬೇಕಿದ್ದದ್ದು ಒಂದೇ ಉತ್ತರ. ಪ್ರತಿ ಸಲ ಕೊನೇ ದಿನಾಂಕ ಬಂದುಹೋದ ಮೇಲೆ ಕೊಂಡವನ ಹತ್ತಿರ ಏನು ಉಳಿದಿತ್ತು?

ಶುರು ಮಾಡಬೇಕಾದ್ದು ಬೆಂಗಳೂರಿನ ರೇವಾದಿಂದ. ಮೈನಿ ಗ್ರೂಪ್ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿ ಸೇರಿ 1994ರಲ್ಲಿ ಕಟ್ಟಿದ ಸಂಸ್ಥೆ ಅದು. ಅದರ ಹಿಂದೆ ಇದ್ದವರು ಚೇತನ್ ಮೈನಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1990ರಲ್ಲಿ ಅಮೆರಿಕದ ಸೌರಕಾರು ರೇಸ್ ಗೆದ್ದ ತಂಡದಲ್ಲಿದ್ದವರು. 2001ರಲ್ಲಿ ರೇವಾ ರಸ್ತೆಗೆ ಬಂತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಹೇಗೋ ಇಬ್ಬರು ಮಕ್ಕಳು. ಸೀಸದ ಬ್ಯಾಟರಿ. ಒಂದು ಚಾರ್ಜಿಗೆ 80 ಕಿಲೋಮೀಟರ್, ಗಂಟೆಗೆ 65ರ ವೇಗ. ಪೇಪರ್ ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆಯಲ್ಲಿ ಅದನ್ನ ನೋಡಿ, ಆಟದ ಸಾಮಾನು ಅಂತ ನಕ್ಕಿದ್ದೆ.

ಅದಕ್ಕೆ ಒಳ್ಳೇ ಗಿರಾಕಿ ಸಿಕ್ಕಿದ್ದು ಲಂಡನ್ನಿನಲ್ಲಿ. 2003ರಲ್ಲಿ ಆ ಊರಿನವರು ನಗರದ ನಡುವೆ ಕಾರು ತರೋರಿಗೆ ದಿನಕ್ಕೆ 5 ಪೌಂಡ್ ಕಂಜೆಷನ್ ಶುಲ್ಕ ಹಾಕಿದ್ರು, 2005ರಲ್ಲಿ ಅದು 8 ಪೌಂಡ್ ಆಯ್ತು. ಎಲೆಕ್ಟ್ರಿಕ್ ಕಾರಿಗೆ ಶುಲ್ಕ ಇಲ್ಲ. 2004ರಿಂದ ನಮ್ಮ ರೇವಾ ಅಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿತು. ದಿನಾ ಎಂಟು ಪೌಂಡ್ ಉಳಿಯುತ್ತೆ ಅಂದ್ರೆ ಆಟದ ಸಾಮಾನೂ ಕಾರಾಗುತ್ತೆ. ಬೊಮ್ಮಸಂದ್ರದಲ್ಲಿ ತಯಾರಾದ ಕಾರನ್ನ ಬೆಂಗಳೂರಿನವರಿಗಿಂತ ಹೆಚ್ಚಾಗಿ ಸಾಕಿದ್ದು ಲಂಡನ್ನಿನ ರಿಯಾಯಿತಿ ಅಂದರೆ ತಪ್ಪಿಲ್ಲ.

2010ರ ಮೇ ತಿಂಗಳಲ್ಲಿ ಮಹೀಂದ್ರಾ ಕಂಪನಿ ರೇವಾದ ಶೇಕಡಾ 55.2ರಷ್ಟು ಪಾಲು ಕೊಂಡಿತು. ಹೊಸ ಕಾರು ಇ2ಒ 2013ರ ಮಾರ್ಚ್‌ನಲ್ಲಿ ಬಂತು. ದಿನಾಂಕ ಗಮನಿಸಿ. ಕಾರಿಗೆ 1 ಲಕ್ಷ ಸಬ್ಸಿಡಿ ಇದ್ದದ್ದು 2012ರ ಮಾರ್ಚ್‌ವರೆಗೆ. ಕಾರು ಬಂದದ್ದು ಅದು ಮುಗಿದು ಒಂದು ವರ್ಷಕ್ಕೆ. ಅದೇ ವರ್ಷದ ಜನವರಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ 2020ರ ಗುರಿಯ ಯೋಜನೆಯೊಂದನ್ನ ಬಿಡುಗಡೆ ಮಾಡಿದ್ರು, 60-70 ಲಕ್ಷ ವಾಹನ ಅಂತ ಬರೆದಿದ್ರು. ಆದರೆ ಗಿರಾಕಿಯ ಕೈಗೆ ದುಡ್ಡು ಬಂದದ್ದು 2015ರ ಏಪ್ರಿಲ್ 1ರಂದು, ಫೇಮ್ ಅನ್ನೋ ಹೆಸರಿನಲ್ಲಿ. ಸಬ್ಸಿಡಿಯೇ ಇಲ್ಲದ ಆ ನಡುವಿನ ಮೂರು ವರ್ಷದಲ್ಲಿ, ಬ್ಯಾಟರಿಯನ್ನ ತಿಂಗಳ ಬಾಡಿಗೆಗೆ ಕೊಟ್ಟು ಕಾರಿನ ಬೆಲೆ ಇಳಿಸೋ ಪ್ರಯತ್ನವನ್ನೂ ಆ ಕಂಪನಿ ಮಾಡಿತು. 2024ರಲ್ಲಿ ಎಂಜಿ ವಿಂಡ್ಸರ್ ಬಂದಾಗ "ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ" ಅಂತ ಎಲ್ಲರೂ ಹೊಸ ವಿಚಾರ ಅಂದ್ರಲ್ಲ, ಅದರ ಅಜ್ಜ ಹತ್ತು ವರ್ಷ ಮುಂಚೆಯೇ ಬೆಂಗಳೂರಲ್ಲಿ ಹುಟ್ಟಿತ್ತು. ರೇವಾದ ವಂಶ 2019ರಲ್ಲಿ ನಿಂತಿತು.

ಮೊದಲ ಫೇಮ್‌ನಲ್ಲಿ ನಮ್ಮ ನಿಮ್ಮಂಥವರ ಸ್ವಂತ ಕಾರಿಗೂ 1 ಲಕ್ಷದ 38 ಸಾವಿರದವರೆಗೆ ಸಿಗ್ತಿತ್ತು. ಕೊಳ್ಳೋಣ ಅಂದ್ರೆ ಅಂಗಡಿಯಲ್ಲಿ ಕಾರೇ ಇರಲಿಲ್ಲ, ಒಂದೋ ಎರಡೋ ಮಾಡೆಲ್ ಅಷ್ಟೇ. ಹೆಸರಿಗೊಂದು ಚಿಕ್ಕ ಮೋಟರ್ ಇಟ್ಟುಕೊಂಡಿದ್ದ ಡೀಸೆಲ್ ಕಾರುಗಳಿಗೂ 2017ರ ಮಾರ್ಚ್‌ವರೆಗೆ ಇದೇ ಯೋಜನೆಯ ದುಡ್ಡು ಹೋಯ್ತು. 2019ರ ಏಪ್ರಿಲ್ 1ಕ್ಕೆ ಎರಡನೇ ಫೇಮ್ ಬಂತು, 10,000 ಕೋಟಿ ರೂಪಾಯಿ. ಈ ಸಲ ಸ್ವಂತ ಕಾರಿಗೆ ಸೊನ್ನೆ. ದುಡ್ಡೆಲ್ಲ ಬಸ್ಸು, ಆಟೋ, ಸ್ಕೂಟರ್, ಟ್ಯಾಕ್ಸಿಗೆ. ಇದನ್ನ ನಾನು ತಪ್ಪು ಅನ್ನೋದಿಲ್ಲ. ನಮ್ಮನೆಯವಳು ನಿಂತಿದ್ದು ಬಸ್‌ಸ್ಟಾಪಿನಲ್ಲಿ ತಾನೆ? ಬಸ್ಸಿಗೆ ಕೊಟ್ಟ ರೂಪಾಯಿ ಐವತ್ತು ಜನಕ್ಕೆ ತಲುಪುತ್ತೆ. 2024ರ ಅಕ್ಟೋಬರ್‌ನಲ್ಲಿ ಬಂದ ಪಿಎಂ ಇ-ಡ್ರೈವ್‌ನಲ್ಲೂ ಸ್ವಂತ ಕಾರಿಗೆ ಜಾಗ ಇಲ್ಲ.

ಕಾರಿನವರಿಗೆ 2019ರಲ್ಲಿ ಬೇರೆ ಎರಡು ಸಿಕ್ಕಿದ್ವು. ಆಗಸ್ಟ್ 1ರಿಂದ ಜಿಎಸ್‌ಟಿ 12ರಿಂದ 5ಕ್ಕೆ ಇಳೀತು. ಅದಕ್ಕೂ ಮುಂಚೆ ಜುಲೈ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಅವರು ಆದಾಯ ತೆರಿಗೆಗೆ 80ಇಇಬಿ ಅನ್ನೋ ಹೊಸ ಸೆಕ್ಷನ್ ಸೇರಿಸಿದ್ರು. ಎಲೆಕ್ಟ್ರಿಕ್ ವಾಹನದ ಸಾಲಕ್ಕೆ ಕಟ್ಟೋ ಬಡ್ಡಿಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಆದಾಯದಿಂದ ಕಳೆಯಬಹುದು. ಸಾಲ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾಗಿರಬೇಕು.

ಇಲ್ಲಿ ಮೇಷ್ಟ್ರ ಬುದ್ಧಿ ಸ್ವಲ್ಪ ತೋರಿಸ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮದು ಡಿಡಕ್ಷನ್, ಅಮೆರಿಕದ್ದು ಕ್ರೆಡಿಟ್. ಎರಡೂ ಒಂದೇ ಅಂತ ಬಹಳ ಜನ ಅಂದ್ಕೋತಾರೆ. ಕ್ರೆಡಿಟ್ ಅಂದ್ರೆ ಕಟ್ಟಬೇಕಾದ ತೆರಿಗೆಯಿಂದಲೇ 7,500 ಡಾಲರ್ ಮಾಫಿ. 2024ರಿಂದ ಅದನ್ನ ಶೋರೂಮಿನಲ್ಲೇ ಬೆಲೆಯಿಂದ ಕಳೆದು ಕೊಡ್ತಿದ್ರು. ಡಿಡಕ್ಷನ್ ಅಂದ್ರೆ ತೆರಿಗೆ ಲೆಕ್ಕ ಹಾಕೋ ಆದಾಯದಿಂದ ಒಂದಿಷ್ಟು ಕಳೆಯೋದು. ಹತ್ತು ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ ಅಂದ್ಕೊಳ್ಳಿ. ಮೊದಲ ವರ್ಷದ ಬಡ್ಡಿ 90 ಸಾವಿರದ ಒಳಗೆ. 30 ಪರ್ಸೆಂಟ್ ಸ್ಲ್ಯಾಬಿನಲ್ಲಿರೋನಿಗೆ ಉಳಿಯೋದು ಹೆಚ್ಚೆಂದರೆ 28 ಸಾವಿರ, ಕೆಳಗಿನ ಸ್ಲ್ಯಾಬಿನವನಿಗೆ ಅದಕ್ಕಿಂತ ಬಹಳ ಕಡಿಮೆ. ಕೈಯಲ್ಲಿ ದುಡ್ಡು ಹಿಡಿದು ಬಂದವನಿಗೆ ಏನೂ ಇಲ್ಲ. ಮಾರನೇ ವರ್ಷವೇ ಹೊಸ ತೆರಿಗೆ ಪದ್ಧತಿ ಬಂತು, ಅದನ್ನ ಆರಿಸಿಕೊಂಡವನಿಗೆ 80ಇಇಬಿ ಸಿಗೋದಿಲ್ಲ. ನಾನು ನಮ್ಮ ಬೀದಿಯವರ ರಿಟರ್ನ್ ತುಂಬಿಕೊಡ್ತೀನಿ. ಆ ಕಾಲಂ ತುಂಬಿದ್ದು ಒಬ್ಬರದ್ದು ಮಾತ್ರ. ಅವರೂ 2023ರ ಮಾರ್ಚ್ ಕೊನೇ ವಾರದಲ್ಲಿ ಬ್ಯಾಂಕಿಗೆ ಓಡಿ ಸಾಲ ಮಂಜೂರು ಮಾಡಿಸಿಕೊಂಡವರು.

ಆ ಓಟಕ್ಕೆ ಬಂದ ಫಲ ಕೇಳಿ. 2024ರ ಫೆಬ್ರವರಿಯಲ್ಲಿ ಟಾಟಾ ಕಂಪನಿ ನೆಕ್ಸಾನ್ ಎಲೆಕ್ಟ್ರಿಕ್ ಬೆಲೆಯನ್ನ 1 ಲಕ್ಷದ 20 ಸಾವಿರದವರೆಗೆ ಇಳಿಸಿತು. ಟಿಯಾಗೊ 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ 8.49 ಲಕ್ಷದಿಂದ ಶುರು, ಮೊದಲ ಗಿರಾಕಿಗಳಿಗೆ ಮಾತ್ರ ಅಂತ. ಆಮೇಲೆ 8.69 ಮಾಡಿದ್ರು. 2024ರಲ್ಲಿ ನೋಡಿದ್ರೆ 7.99. "ಮೊದಲು ಬಂದವರಿಗೆ" ಅಂತ ನೂಕುನುಗ್ಗಲಲ್ಲಿ ಬುಕ್ ಮಾಡಿದವರಿಗಿಂತ ಸುಮ್ಮನೆ ಮನೇಲಿ ಕೂತವರಿಗೇ ಕಡಿಮೆಗೆ ಸಿಕ್ಕಿತು. ಇದಕ್ಕೆ ಕಾರಣ ದೆಹಲಿಯ ಫೈಲಿನಲ್ಲಿಲ್ಲ, ಬ್ಯಾಟರಿಯಲ್ಲಿದೆ. 2010ರ ಸುಮಾರಿಗೆ ಒಂದು ಯೂನಿಟ್ ಕರೆಂಟು ಹಿಡಿಯೋ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲೆ. 2024ರ ಜಾಗತಿಕ ಸರಾಸರಿ 115 ಡಾಲರ್.

ಅಕ್ಕನ ಮಗಳಿಗೂ ಹೀಗೇ ಆಯ್ತು. ಅವಳು ಸೆಪ್ಟೆಂಬರ್ 28ಕ್ಕೆ ಸೈನ್ ಮಾಡಿ ಉಸಿರುಬಿಟ್ಟಳು. ಅಕ್ಟೋಬರ್ 1ಕ್ಕೆ, ನಾವಿಲ್ಲಿ ಹಳೇ ಕಾರಿಗೆ ಕುಂಬಳಕಾಯಿ ಒಡೀತಿದ್ದ ದಿನ, ಹ್ಯುಂಡೈ ಕಂಪನಿ ಅಲ್ಲಿ ತನ್ನ ಐಯಾನಿಕ್ 5ರ ಹೊಸ ವರ್ಷದ ಮಾಡೆಲ್ ಬೆಲೆಯನ್ನ 9,800 ಡಾಲರಿನವರೆಗೆ ಇಳಿಸ್ತೀವಿ ಅಂತು. ಹೋದ ಕ್ರೆಡಿಟ್ಟಿಗಿಂತ ಇಳಿದ ಬೆಲೆಯೇ ಹೆಚ್ಚು. ಅವಳು ಕೊಂಡದ್ದು ಬೇರೆ ಕಂಪನಿಯದ್ದು, ಆದರೂ ಫೋನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇರ್ಲಿ ಬಿಡು ಮಗಾ, ನಿನ್ನ ಕಾರು ಓಡುತ್ತಲ್ಲ" ಅಂದೆ.

ಎಲ್ಲ ಕಡೆಯೂ ಬೆಲೆ ಹೀಗೆ ಇಳಿದು ಬಂದು ಕಾಪಾಡುತ್ತೆ ಅಂತೇನಿಲ್ಲ. ಜರ್ಮನಿಯವರು 2023ರ ಡಿಸೆಂಬರ್‌ನಲ್ಲಿ ಕೋರ್ಟ್ ತೀರ್ಪಿನಿಂದ ಬಜೆಟ್ ಕಟ್ಟಾಯ್ತು ಅಂತ ಒಂದೆರಡು ದಿನದ ನೋಟಿಸಿನಲ್ಲಿ ಸಬ್ಸಿಡಿ ನಿಲ್ಲಿಸಿದ್ರು, ಮುಂದಿನ ವರ್ಷ ಅಲ್ಲಿ ಎಲೆಕ್ಟ್ರಿಕ್ ಕಾರಿನ ಮಾರಾಟ ಬಿದ್ದೇ ಹೋಯ್ತು. 2012ರಲ್ಲಿ ನಮ್ಮ ಸ್ಕೂಟರಿಗೆ ಆದದ್ದೂ ಅದೇ.

ಈಗ ಮೈಸೂರಿನ ಲೆಕ್ಕಕ್ಕೆ ಬರ್ತೀನಿ. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳೋನಿಗೆ 2025ರಲ್ಲಿ ಇದ್ದ ದೊಡ್ಡ ರಿಯಾಯಿತಿ ದೆಹಲಿಯ ಬಜೆಟ್ಟಿನದ್ದಲ್ಲ, ನಮ್ಮ ಆರ್‌ಟಿಒದ್ದು. ಪೆಟ್ರೋಲ್ ಕಾರಿಗೆ ಇಲ್ಲಿ ಜೀವಾವಧಿ ತೆರಿಗೆ 5 ಲಕ್ಷದವರೆಗೆ 13 ಪರ್ಸೆಂಟ್, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18. ದೇಶದಲ್ಲೇ ಇದು ದುಬಾರಿ ದರ. 2025ರಲ್ಲಿ 25 ಲಕ್ಷದವರೆಗಿನ ಎಲೆಕ್ಟ್ರಿಕ್ ಕಾರಿಗೆ ಪೂರ್ತಿ ಮಾಫಿ ಇತ್ತು. ಎಲೆಕ್ಟ್ರಿಕ್ ವಾಹನಕ್ಕೇ ಅಂತ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಆಗ ಮುಖ್ಯಮಂತ್ರಿ ನಮ್ಮ ಮೈಸೂರಿನವರೇ ಆದ ಸಿದ್ದರಾಮಯ್ಯ. 2024ರ ಮಾರ್ಚ್‌ನಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 10 ಪರ್ಸೆಂಟ್ ತೆರಿಗೆ ಬಂತು. ಆಗಲೂ ಮುಖ್ಯಮಂತ್ರಿ ಅವರೇ. ದೊಡ್ಡ ಕಾರಿನವರು ಕಟ್ಟಲಿ ಅನ್ನೋದು ನ್ಯಾಯವೇ. ಆದರೆ ಬಾಗಿಲು ತೆರೆದುಕೊಂಡಿರೋದು ಹೇಗೋ, ಮುಚ್ಚಿಕೊಳ್ಳೋದೂ ಹಾಗೇ ಅನ್ನೋದು ಗೊತ್ತಿರಲಿ.

ನಮ್ಮ ಲೆಕ್ಕ ಇದು. ಸೆಸ್, ವಿಮೆ ಬಿಟ್ಟಿದೀನಿ. ನಮಗೆ ಹೊಂದೋ ಸಣ್ಣ ಪೆಟ್ರೋಲ್ ಕಾರು ಆಗ ಶೋರೂಮಿನಲ್ಲಿ 7 ಲಕ್ಷ, ಜೀವಾವಧಿ ತೆರಿಗೆ ಸೇರಿ 7 ಲಕ್ಷ 98 ಸಾವಿರ. ಹೆಚ್ಚೂಕಮ್ಮಿ ಅದೇ ಅಳತೆಯ ಎಲೆಕ್ಟ್ರಿಕ್ ಕಾರು 10 ಲಕ್ಷ, ತೆರಿಗೆ ಇರಲಿಲ್ಲ. ವ್ಯತ್ಯಾಸ 2 ಲಕ್ಷ 2 ಸಾವಿರ. ಸೆಪ್ಟೆಂಬರ್ 21ರಂದು ಆ ಪೆಟ್ರೋಲ್ ಕಾರೇ ತೆರಿಗೆ ಸೇರಿ 8 ಲಕ್ಷ 72 ಸಾವಿರದ ಮೇಲೆ. ಅವತ್ತಿನ ವ್ಯತ್ಯಾಸ 1 ಲಕ್ಷ 28 ಸಾವಿರ.

ತಿಂಗಳಿಗೆ ನಮ್ಮ ಓಡಾಟ 800 ಕಿಲೋಮೀಟರ್. ನಮ್ಮಮ್ಮ ಕೆ.ಆರ್. ನಗರದಲ್ಲಿದ್ದಾರೆ, ವಯಸ್ಸು ಎಂಬತ್ನಾಲ್ಕು, ಮನೆ ಬಿಟ್ಟು ಬರಲ್ಲ ಅಂತಾರೆ. ವಾರಕ್ಕೊಮ್ಮೆ ಹೋಗಿಬರಲೇಬೇಕು, ಒಮ್ಮೊಮ್ಮೆ ಅರ್ಧರಾತ್ರಿಯಲ್ಲಿ. ಆಗ ಪೆಟ್ರೋಲ್ ಲೀಟರಿಗೆ 102 ರೂಪಾಯಿ ಇತ್ತು, ಕಾರು 15 ಕಿಲೋಮೀಟರ್ ಕೊಟ್ಟರೆ ತಿಂಗಳಿಗೆ 5,440.

ಕರೆಂಟಿನ ಲೆಕ್ಕದಲ್ಲಿ ಶೋರೂಮಿನ ಹುಡುಗ ಹೇಳದ ಒಂದು ವಿಷಯ ಇದೆ. ಅದು ಗೃಹಜ್ಯೋತಿ. ನಮ್ಮನೆ ಬಳಕೆ 110 ಯೂನಿಟ್, ಹಾಗಾಗಿ ಬಿಲ್ ಸೊನ್ನೆ. ಕಾರಿಗೆ ತಿಂಗಳಿಗೆ ಸುಮಾರು 150 ಯೂನಿಟ್ ಬೇಕು. ಎರಡೂ ಸೇರಿ 260. 200 ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಕಾರು ತಾನು ತಿಂದ ಕರೆಂಟಿಗೆ ಮಾತ್ರ ಅಲ್ಲ, ನಮ್ಮ ಫ್ರಿಜ್ಜು, ಮಿಕ್ಸಿ, ಫ್ಯಾನಿಗೂ ಬಿಲ್ ಹಾಕಿಸುತ್ತೆ. ಯೂನಿಟ್ಟಿಗೆ ಆರು ರೂಪಾಯಿ ಹತ್ತಿರ, ಫಿಕ್ಸೆಡ್ ಚಾರ್ಜ್ ಸೇರಿ ಎರಡು ಸಾವಿರ ಅಂದ್ಕೊಳ್ಳಿ. ಆಗಲೂ ತಿಂಗಳಿಗೆ ಉಳಿಯೋದು 3,440.

ಹಾಗಾದ್ರೆ ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್ ಬರೋಕೆ ಸೆಪ್ಟೆಂಬರ್ 21ರ ಲೆಕ್ಕದಲ್ಲಿ ಮೂರು ವರ್ಷ ಸಾಕಿತ್ತು, 22ರ ಲೆಕ್ಕದಲ್ಲಿ ಐದು ವರ್ಷ ಬೇಕು. ಒಂದು ರಾತ್ರಿಗೆ ಎರಡು ವರ್ಷ ಹೆಚ್ಚಾಯ್ತು. ಇನ್ನೂ ಒಂದು ಲೆಕ್ಕ ಹಾಕಿ ನೋಡಿದೆ. ಇದೇ 10 ಲಕ್ಷದ ಎಲೆಕ್ಟ್ರಿಕ್ ಕಾರಿಗೆ ಪೆಟ್ರೋಲ್ ಕಾರಿನ ಹಾಗೇ 18 ಪರ್ಸೆಂಟ್ ಜಿಎಸ್‌ಟಿ ಹಾಕಿ, ನಮ್ಮ ಜೀವಾವಧಿ ತೆರಿಗೆಯನ್ನೂ ಹಾಕಿದರೆ 13 ಲಕ್ಷ 15 ಸಾವಿರ ಆಗುತ್ತೆ. ಅಂದ್ರೆ ಕಣ್ಣಿಗೆ ಕಾಣದ ಹಾಗೆ 3 ಲಕ್ಷದ 15 ಸಾವಿರ ಸಬ್ಸಿಡಿ 2025ರಲ್ಲೂ ಇತ್ತು. ಅದಿಲ್ಲದೆ ನನ್ನಂಥವನಿಗೆ ಈ ಕಾರು ಗಿಟ್ಟೋದಿಲ್ಲ.

ಹೀಗೆ ಬರೆದುಕೊಂಡು ಕೂತಾಗ ನನಗೆ ನೆನಪಾದದ್ದು ಶಿವನಸಮುದ್ರ. ದಸರಾ ದೀಪ ನೋಡುವಾಗೆಲ್ಲ ಮೈಸೂರಿನವರಿಗೆ ಅದು ನೆನಪಾಗಲೇಬೇಕು. 1902ರ ಜೂನ್ 30ರಂದು ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು, ಸುಮಾರು 148 ಕಿಲೋಮೀಟರ್. ಆಗ ಜಗತ್ತಿನಲ್ಲೇ ಉದ್ದದ ಲೈನುಗಳಲ್ಲಿ ಒಂದು. ಯೋಜನೆಗೆ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನಮ್ಮ ಮೈಸೂರಿಗೆ 1908ರಲ್ಲಿ. ಗಮನಿಸಬೇಕಾದ್ದು ಏನಂದ್ರೆ, ಕಂಬ ನೆಡೋ ಮುಂಚೆಯೇ ಸಂಸ್ಥಾನ ಗಣಿ ಕಂಪನಿಗಳ ಜೊತೆ ವರ್ಷಗಟ್ಟಲೆಯ ಕರಾರು ಮಾಡಿಕೊಂಡಿತ್ತು. ಇಷ್ಟು ಕರೆಂಟು, ಇಷ್ಟು ಬೆಲೆ, ಇಷ್ಟು ವರ್ಷ. ಕೊಡೋನಿಗೂ ಗೊತ್ತು, ಕೊಳ್ಳೋನಿಗೂ ಗೊತ್ತು. ಅದೇ ಧೈರ್ಯದ ಮೇಲೆ ದುಡ್ಡು ಹಾಕಿದ್ರು, ಆಮೇಲೆ ಆ ಕರೆಂಟು ಊರುಗಳಿಗೂ ಬಂತು. ಈಗಿನ ಮಾರ್ಚ್ 31, ಸೆಪ್ಟೆಂಬರ್ 30ಗಳು ಹಾಗಲ್ಲ. ಹತ್ತು ವರ್ಷ ಬಾಳೋ ಸಾಮಾನನ್ನ ಹನ್ನೊಂದು ತಿಂಗಳ ಬಾಡಿಗೆ ಅಗ್ರಿಮೆಂಟಿನ ಮೇಲೆ ಕೊಳ್ಳಿ ಅಂತಾರೆ. ಕೊಂಡವನು ತಾನು ಗೆದ್ದೆನೋ ಸೋತೆನೋ ಅಂತ ಕ್ಯಾಲೆಂಡರ್ ನೋಡ್ತಾನೆ.

ಹಬ್ಬದ ಆಫರ್ ಮುಗಿಯಲಿ ಅಂತ ಬೇಕಂತಲೇ ಕಾದು, ವಿಜಯದಶಮಿಯ ಮುಂದಿನ ವಾರ ಇಬ್ಬರೂ ಶೋರೂಮಿಗೆ ಹೋದ್ವಿ. ಹುಡುಗ ಒಳ್ಳೆಯವನು. ಎಕ್ಸ್‌ಚೇಂಜ್ ಬೋನಸ್ಸು, ಕಾರ್ಪೊರೇಟ್ ಡಿಸ್ಕೌಂಟು ಅಂತ ಶುರು ಮಾಡಿದ. ನಮ್ಮನೆಯವಳು ಪೂರ್ತಿ ಕೇಳಿಸಿಕೊಂಡು, "ಎಂಟು ವರ್ಷ ಆದ್ಮೇಲೂ ನೀವು ಇಲ್ಲಿರ್ತೀರಾ?" ಅಂದಳು.

ಹುಡುಗ ಗಲಿಬಿಲಿಯಾದ. "ಮೇಡಂ, ನಾನು ಇರ್ತೀನೋ ಇಲ್ವೋ ಗೊತ್ತಿಲ್ಲ. ಸರ್ವಿಸ್ ಸೆಂಟರ್ ಇರುತ್ತೆ."

"ಹಾಗಾದ್ರೆ ಅದನ್ನ ತೋರಿಸಿ."

ಹಿಂದಿನ ಶೆಡ್ಡಿಗೆ ಕರಕೊಂಡು ಹೋದ. ಏಳೆಂಟು ಎಲೆಕ್ಟ್ರಿಕ್ ಕಾರು ನಿಂತಿದ್ವು. ಒಂದು 2020ರ ಗಾಡಿ, ಐದು ವರ್ಷದ್ದು, ಬ್ರೇಕ್ ಕೆಲಸಕ್ಕೆ ಬಂದಿತ್ತು. ಅದರ ಯಜಮಾನರು ಅಲ್ಲೇ ಇದ್ದರು, ಕೊಳ್ಳೇಗಾಲದ ಕಡೆಯವರು. ಇವಳು ಅವರನ್ನ ಹತ್ತು ನಿಮಿಷ ವಿಚಾರಣೆ ಮಾಡಿದಳು. ಎಷ್ಟು ಓಡಿದೆ, ಮೊದಲಿನಷ್ಟೇ ದೂರ ಹೋಗುತ್ತಾ, ಬ್ಯಾಟರಿಗೆ ಕೈ ಹಾಕಿಸಿದ್ರಾ, ಪಾರ್ಟ್ಸ್ ಎಷ್ಟು ದಿನಕ್ಕೆ ಬರುತ್ತೆ. ಅವರು ಹೇಳಿದ್ದರಲ್ಲಿ ಎಲ್ಲವೂ ಹೊಗಳಿಕೆ ಇರಲಿಲ್ಲ. ಹೈವೇನಲ್ಲಿ ಜೋರಾಗಿ ಹೋದ್ರೆ ಹೇಳಿದಷ್ಟು ದೂರ ಬರಲ್ಲ ಅಂದ್ರು, ಒಂದು ಬಿಡಿಭಾಗಕ್ಕೆ ಮೂರು ವಾರ ಕಾದೆ ಅಂದ್ರು. ಆದರೆ ಐದು ವರ್ಷದ ಗಾಡಿ ಅದು, ಓಡ್ತಾ ಇತ್ತು, ರಿಪೇರಿ ಮಾಡೋಕೆ ಜನ ಇದ್ರು. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಅಂತ ಕಾಗದದಲ್ಲಿತ್ತು. ನಮ್ಮ ದುಡ್ಡು ವಾಪಸ್ ಬರೋದು ಐದು ವರ್ಷಕ್ಕೆ.

"ತಗೊಳ್ಳಿ" ಅಂದಳು. 2011ರಲ್ಲಿ ನಾನು ಸಬ್ಸಿಡಿ ಫಾರಂ ತುಂಬೋ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆಗಳನ್ನ ಅವಳು ಹದಿನಾಲ್ಕು ವರ್ಷ ಆದ್ಮೇಲೆ ಕೇಳಿ ಮುಗಿಸಿದ್ದಳು.

ದೀಪಾವಳಿಗೆ ಕಾರು ಬಂತು. ಚಾರ್ಜಿಂಗಿಗೆ ಬೇರೆ ಮೀಟರ್ ಬೇಕು ಅಂತ ಅರ್ಜಿ ಹಾಕಿದೀನಿ, ಆದ್ರೆ ಗೃಹಜ್ಯೋತಿ ಉಳಿಯುತ್ತೆ. ಮೊದಲ ಭಾನುವಾರ ಕೆ.ಆರ್. ನಗರಕ್ಕೆ ಹೋದ್ವಿ. ಹೋಗೋಕೆ ನಲವತ್ತು, ಬರೋಕೆ ನಲವತ್ತು, ಒಟ್ಟು 80 ಕಿಲೋಮೀಟರ್. ನಾನು ನಕ್ಕಿದ್ದ ಆ ರೇವಾ 2001ರಲ್ಲಿ ಒಂದು ಚಾರ್ಜಿಗೆ ಓಡ್ತಿದ್ದದ್ದೂ ಅಷ್ಟೇ. ಇದರಲ್ಲಿ ಮನೆಗೆ ವಾಪಸ್ ಬಂದಾಗ ಅರ್ಧಕ್ಕಿಂತ ಹೆಚ್ಚು ಚಾರ್ಜು ಉಳಿದಿತ್ತು. ಹೋಗ್ತಾ ನಾನು ಓಡಿಸಿದೆ, ಬರ್ತಾ ಅವಳು. ಗೇರಿಲ್ಲ, ಆ ಸ್ಕೂಟರಿನ ಹಾಗೇ.

ಅಮ್ಮ ಜಗುಲಿ ಮೇಲೆ ಕೂತು ಕಾರನ್ನ ಮೇಲಿಂದ ಕೆಳಗೆ ನೋಡಿದ್ರು. ಸದ್ದೇ ಇಲ್ಲದೆ ಬಂತಲ್ಲ ಅಂದ್ರು. ಆಮೇಲೆ, "ಎಷ್ಟಾಯ್ತೋ?"

ಹೇಳಿದೆ.

"ನಿನ್ನ ಹೆಂಡ್ತಿಗೆ ಬಸ್ಸು ಫ್ರೀ ಅಲ್ವೇನೋ ಈಗ?" ಅಂದ್ರು ಅಮ್ಮ.

ಶಕ್ತಿ ಯೋಜನೆಗೆ ಕೊನೇ ದಿನಾಂಕ ಯಾವಾಗ ಅಂತ ನಾನು ಇನ್ನೂ ಲೆಕ್ಕ ಹಾಕಿಲ್ಲ.